ಕಂಟ್ರೋಲ್ ರೂಮಿನ ಹೊಸ್ತಿಲು

ಬೆಳಿಗ್ಗೆ ಏಳೂವರೆಗೆ ದಾವಣಗೆರೆ ನಿಟ್ಟುವಳ್ಳಿಯ ಮನೆ ಬಿಟ್ಟ ಸ್ಕೂಟರು ಹರಿಹರ ಮುಟ್ಟುವಷ್ಟರಲ್ಲಿ ಅಪ್ಪ ಮಗಳ ನಡುವೆ ಕಡಿಮೆಯೆಂದರೆ ಎರಡು ಜಗಳ ಶುರುವಾಗಿ ಮುಗಿದಿರುತ್ತಿದ್ದವು. ಗಾಡಿ ಓಡಿಸುವವಳು ಸನೋಬರ್. ಹಿಂದೆ ಕೂತವರು ಅವಳ ಅಪ್ಪ ಮಕ್ತುಮ್ ಸಾಬ್. ತೊಡೆಯ ಮೇಲೆ ಊಟದ ಡಬ್ಬಿ, ತಲೆಯ ಮೇಲೆ ಬಿಳಿ ಟೋಪಿ, ಟೋಪಿಯ ಮೇಲೆ ಮಗಳು ಹಟ ಮಾಡಿ ಹಾಕಿಸಿದ ಹೆಲ್ಮೆಟ್ಟು. ಮನೆಯಲ್ಲಿ ಅವರದು ಉರ್ದು, ಕಾರ್ಖಾನೆಯಲ್ಲಿ ಕನ್ನಡ, ಗಾಡಿಯ ಮೇಲೆ ಜಗಳಕ್ಕೆ ಯಾವುದು ಬೇಗ ಬಾಯಿಗೆ ಬರುತ್ತದೋ ಅದು.

ಆ ಬುಧವಾರ ಮಾತ್ರ ಹಿಂದಿನ ಸೀಟಿನಿಂದ ಸದ್ದೇ ಇಲ್ಲ. ಊರು ದಾಟಿ ಹೆದ್ದಾರಿಗೆ ಬಂದರೂ ಇಲ್ಲ. ಲಾರಿಯೊಂದನ್ನು ಸನೋಬರ್ ಬೇಕೆಂದೇ ಎಡಗಡೆಯಿಂದ ಹಿಂದೆ ಹಾಕಿದಳು. ಅದಕ್ಕೂ ಬೈಗುಳ ಬರಲಿಲ್ಲ.

"ಅಬ್ಬಾ, ನಿದ್ದಿ ಬಂತೇನ್ರಿ?"

"ಇಲ್ಲ. ನೀ ರಸ್ತೆ ನೋಡು."

"ಬಾಗಿಲ ಚಿಂತಿ ಮಾಡಬ್ಯಾಡ್ರಿ."

"ಬಾಗಿಲ ಚಿಂತಿ ನನಗ್ಯಾಕ? ಬಾಗಿಲು ಸರಿ ಐತೆ. ನಿನ್ನ ಆ ನೀರಿನ ಕೊಳವಿಗೇ ಏನೋ ಆಗೈತೆ, ಮೊದಲು ಅದನ್ನ ನೋಡು."

ಅಷ್ಟು ಹೇಳಿ ಮತ್ತೆ ಗಪ್ಪಾದರು. ಚಿಂತೆ ಇದ್ದದ್ದು ಬಾಗಿಲದೇ, ಅದು ಇಬ್ಬರಿಗೂ ಗೊತ್ತಿತ್ತು.

ವಿಷಯ ಏನೆಂದರೆ, ಕಡಲ ಕಡೆ ಒಂದು ಅಣು ವಿದ್ಯುತ್ ಸ್ಥಾವರ ಶುರುವಾಗುವುದರಲ್ಲಿತ್ತು. ಅದನ್ನು ನಡೆಸುವವರು ಕೂರುವ ಕಂಟ್ರೋಲ್ ರೂಮಿನ ಗೋಡೆ, ಬಾಗಿಲು, ಫ್ಯಾನು, ಗಾಳಿ ಸೋಸುವ ಪೆಟ್ಟಿಗೆ, ಎಲ್ಲವೂ ತಯಾರಾದದ್ದು ಹರಿಹರದ ಕೈಗಾರಿಕಾ ಪ್ರದೇಶದಲ್ಲಿರುವ ಕೊಟ್ಟೂರೇಶ್ ಅವರ ಶೆಡ್ಡಿನಲ್ಲಿ. ಅಷ್ಟನ್ನೂ ಒಮ್ಮೆ ಇಲ್ಲೇ ಜೋಡಿಸಿ ನಿಲ್ಲಿಸಬೇಕು, ಪರೀಕ್ಷೆ ಮಾಡಬೇಕು, ಪಾಸಾದ ಮೇಲೆ ಬಿಚ್ಚಿ ಲಾರಿಗೆ ಹೇರಬೇಕು. ಇದು ಪಾಸಾಗದೆ ಅಲ್ಲಿ ಸ್ಥಾವರ ಶುರುವಾಗುವ ಹಾಗಿಲ್ಲ.

ಈ ಕೋಣೆಗೆ ಇರುವ ಕೆಲಸ ಒಂದೇ. ಹೊರಗೆ ಏನೇ ಅನಾಹುತವಾಗಲಿ, ವಿಷದ ಗಾಳಿಯೇ ಬೀಸಲಿ, ಒಳಗೆ ಕೂತವರು ಎದ್ದು ಓಡಬಾರದು. ಕೂತಲ್ಲೇ ಕೂತು ಸ್ಥಾವರವನ್ನು ಜೋಪಾನವಾಗಿ ನಿಲ್ಲಿಸಬೇಕು. ಅದಕ್ಕೇ ಫ್ಯಾನು ಸೋಸಿದ ಗಾಳಿಯನ್ನು ಒಳಗೆ ತುಂಬುತ್ತಲೇ ಇರುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದು ಚೂರು ಹೆಚ್ಚಿದ್ದರೆ ಸಾಕು, ಸಂದುಗೊಂದಿನಲ್ಲಿ ಗಾಳಿ ಹೊರಗೆ ಹೋದೀತೇ ಹೊರತು ಒಳಗೆ ಬರುವುದಿಲ್ಲ. ಆ ಒಂದು ಚೂರನ್ನು ಅಳೆಯುವುದು ಸನೋಬರಳ ಕೆಲಸ. ಕೋಣೆಗೆ ಸಿಕ್ಕಿಸಿದ, ಓರೆಯಾಗಿ ಮಲಗಿಸಿದ ಗಾಜಿನ ಕೊಳವೆಯಲ್ಲಿ ಕೆಂಪು ಬಣ್ಣದ ನೀರಿರುತ್ತದೆ. ಅದು ಮೂರರ ಗೀಟು ಮುಟ್ಟಿ ಒಂದು ತಾಸು ಅಲ್ಲೇ ನಿಂತರೆ ಪಾಸು. ಇಳಿದರೆ ನಪಾಸು. ಮೂರು ವರ್ಷದಿಂದ ಅವಳು ಇಂಥ ಪೆಟ್ಟಿಗೆ, ಕೊಳವೆ, ಬಾಗಿಲುಗಳನ್ನು ಪರೀಕ್ಷೆ ಮಾಡಿ ಸಹಿ ಹಾಕುತ್ತಿದ್ದಳು. ಅವಳ ಸಹಿ ಅಂದರೆ ಸಹಿ ಎಂದು ಕೊಟ್ಟೂರೇಶ್ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು.

ಈಗ ಅವಳ ಮುಂದೆ ನಿಂತಿದ್ದು ಅಪ್ಪ ಮಾಡಿದ ಬಾಗಿಲು.

ಮಕ್ತುಮ್ ಸಾಬ್ ತಗಡು ಮುಟ್ಟಿ ನಲವತ್ತು ವರ್ಷವಾಗಿತ್ತು. ಮಂಡಕ್ಕಿ ಭಟ್ಟಿಗಳಿಗೆ ಹೊಗೆ ಕೊಳವೆ ಮಾಡಿದ್ದರು, ಬೇಕರಿಗಳಿಗೆ ಒಲೆಯ ಬಾಗಿಲು ಮಾಡಿದ್ದರು, ಹಿಟ್ಟಿನ ಗಿರಣಿಗೆ ಗೂಡು, ಶಾಲೆಯ ವ್ಯಾನಿಗೆ ಮೈ, ಒಮ್ಮೆ ಒಬ್ಬ ಮದುಮಗನಿಗೆ ತಗಡಿನ ಕುದುರೆಯನ್ನೂ ಮಾಡಿಕೊಟ್ಟಿದ್ದರು. ಕೊಟ್ಟೂರೇಶ್ ಶೆಡ್ಡಿಗೆ ಬಂದ ಮೇಲೆ ದೊಡ್ಡ ದೊಡ್ಡ ಕೆಲಸ. ಆದರೆ ಈ ಬಾಗಿಲಿನಂಥದು ಹಿಂದೆ ಮಾಡಿರಲಿಲ್ಲ. ಸ್ಟೀಲಿನ ಎರಡು ಪದರ, ಸುತ್ತ ರಬ್ಬರ್ ಪಟ್ಟಿ, ಕೆಳಗೆ ನಾಲ್ಕು ಬೆರಳೆತ್ತರದ ಸ್ಟೀಲಿನ ಹೊಸ್ತಿಲು. ಬಾಗಿಲು ಮುಚ್ಚಿದರೆ ಕೆಳಗಿನ ರಬ್ಬರು ಆ ಹೊಸ್ತಿಲಿನ ನೆತ್ತಿಯ ಮೇಲೆ ಬಂದು ಕೂರಬೇಕು. ನಾಲ್ಕು ತಿಂಗಳು ಅದರ ಮೇಲೇ ಕೂತರು. "ಇದು ಆದ ಮ್ಯಾಲೆ ನಾ ಸಾಮಾನು ಕಟ್ಟಿ ಮನಿಗೆ ಹೋಕ್ಕೀನಿ. ಇದಕ್ಕಿಂತ ಚಲೋ ನನ್ನ ಕೈಲಿ ಆಗಂಗಿಲ್ಲ" ಎಂದು ಎಲ್ಲರ ಮುಂದೆ ಹೇಳಿಯೂ ಬಿಟ್ಟಿದ್ದರು.

ಆ ಬಾಗಿಲು ಎರಡು ಸಲ ನಪಾಸಾಗಿತ್ತು. ಹೋದ ಮಂಗಳವಾರ ಒಂದು ಸಲ, ಶುಕ್ರವಾರ ಇನ್ನೊಂದು ಸಲ. ನೀರು ಮೂರು ಮುಟ್ಟಿ, ಒಂದು ಗಳಿಗೆ ಯೋಚನೆ ಮಾಡಿ, ಮೆಲ್ಲಗೆ ಒಂದೂವರೆಗೆ ಇಳಿದು ಕೂತಿತ್ತು. ಎರಡು ಸಲವೂ ಹಾಳೆಯ ಮೇಲೆ ನಪಾಸು ಎಂದು ಬರೆದವಳು ಸನೋಬರ್. ಶುಕ್ರವಾರ ಸಂಜೆ ಮನೆಯಲ್ಲಿ ಅವಳ ಅಮ್ಮ ಹಜೀರಾಬೀ ತಟ್ಟೆಯನ್ನು ಕುಕ್ಕಿ ಇಟ್ಟಳು. ಅಪ್ಪನನ್ನು ನಪಾಸು ಮಾಡಲಿಕ್ಕೆ ನಿನ್ನನ್ನು ಓದಿಸಿದೆವಾ ಎಂದು ಕೇಳಿದಳು. ಮಕ್ತುಮ್ ಸಾಬ್ ರೊಟ್ಟಿ ಮುರಿಯುತ್ತ, "ಅವಳು ನೋಡಿದ್ದು ಅವಳು ಬರದಾಳ, ಬಿಡು" ಎಂದರು. ಅವರು ಬೈದಿದ್ದರೆ ಸನೋಬರಳಿಗೆ ಎಷ್ಟೋ ಹಗುರ ಅನ್ನಿಸುತ್ತಿತ್ತು.

ಮೂರನೇದು ಕೊನೇ ಸಲ. ಇದೂ ಹೋದರೆ ಪುಣೆಯಿಂದ ಬೇರೆ ಬಾಗಿಲು ತರಿಸುವುದು, ಮಕ್ತುಮ್ ಸಾಬರ ಬಾಗಿಲು ಗುಜರಿಗೆ ಹೋಗುವುದು ಎಂದು ತೀರ್ಮಾನವಾಗಿತ್ತು.

ತಲೆ ಕೆಡಿಸಿದ್ದು ಇನ್ನೊಂದು. ಸಂಜೆ ಹೊತ್ತು ಅದೇ ಬಾಗಿಲು ಸರಿಯಿರುತ್ತಿತ್ತು! ಐದು ಗಂಟೆಗೆ ಎಲ್ಲರೂ ಹೊರಟ ಮೇಲೆ ಮಕ್ತುಮ್ ಸಾಬ್ ತಮ್ಮ ಹಳೇ ಲುಂಗಿಯ ತುಂಡಿನಿಂದ ಬಾಗಿಲನ್ನು ತಲೆಯಿಂದ ಕಾಲವರೆಗೆ ಒರೆಸುತ್ತಿದ್ದರು. ಯಾವ ಕೆಲಸವನ್ನೇ ಮಾಡಲಿ, ದಿನದ ಕೊನೆಗೆ ಒರೆಸದೆ ಮನೆಗೆ ಹೋದವರಲ್ಲ. ಆಮೇಲೆ ಅಪ್ಪ ಮಗಳು ಫ್ಯಾನು ಹಾಕಿ ನೋಡಿದರೆ ನೀರು ಮೂರಕ್ಕೆ ಏರಿ ಗೋಂದು ಹಚ್ಚಿದ ಹಾಗೆ ನಿಲ್ಲುತ್ತಿತ್ತು. ಸನೋಬರ್ ಊದುಬತ್ತಿ ಹಚ್ಚಿಕೊಂಡು ಬಾಗಿಲ ಸುತ್ತ ಸಂದು ಸಂದಿಗೆ ಹಿಡಿದು ನೋಡಿದ್ದಳು. ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು, ಎಲ್ಲೂ ಅಲುಗಾಡುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಸ್ಥಾವರದವರ ಎದುರಿಗೆ ಅದೇ ಫ್ಯಾನು, ಅದೇ ಬಾಗಿಲು, ನೀರು ಒಂದೂವರೆ. ರಬ್ಬರು ತಂಪಿಗೆ ಗಟ್ಟಿಯಾಗುತ್ತದೆ ಎಂದುಕೊಂಡು ಹೊಸ ರಬ್ಬರು ಹಾಕಿದರು. ಬೆಳಿಗ್ಗೆ ಹೊತ್ತು ಕರೆಂಟಿನ ಓಲ್ಟೇಜು ಇರುವುದಿಲ್ಲ, ಫ್ಯಾನು ನಿಧಾನ ತಿರುಗುತ್ತದೆ ಎಂದು ಕೊಟ್ಟೂರೇಶ್ ವಾದ ಮಾಡಿ, ಈ ಸಲಕ್ಕೆ ಜನರೇಟರನ್ನೇ ತರಿಸಿ ನಿಲ್ಲಿಸಿದ್ದರು.

ಶೆಡ್ಡು ಮುಟ್ಟಿದಾಗ ಎಂಟಾಗಿತ್ತು. ಮೈಲಮ್ಮ ಆಗಲೇ ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಎಳೆದು, ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಗುತ್ತಿಗೆದಾರನ ಕೈಕೆಳಗೆ ಅವಳು ಈ ಶೆಡ್ಡು ಗುಡಿಸುವುದು ಆರು ವರ್ಷದಿಂದ. ಕೋಣೆ ಎದ್ದು ನಿಂತ ದಿನ, ಮೂರು ವಾರದ ಹಿಂದೆ, ಪೊರಕೆ ಹಿಡಿದುಕೊಂಡೇ ಅದರ ಸುತ್ತ ಒಂದು ಸುತ್ತು ಬಂದಿದ್ದಳು.

"ಏನವ್ವ ಸನೋಬರಾ, ಮನಿಯೊಳಗ ಮನಿ ಕಟ್ಟೀರಿ?"

"ಇದು ಕರೆಂಟ್ ಮಾಡೋರು ಕೂಡ್ರೋ ಮನಿ, ಮೈಲಮ್ಮಕ್ಕ. ಹೊರಗಿನ ಕೆಟ್ಟದ್ದು ಯಾವುದೂ ಒಳಗ ಬರಬಾರ್ದು, ಅಂಥಾ ಮನಿ."

"ಹೌದಾ? ಹಂಗಾರೆ ಅದನ್ನ ನಾ ನೋಡ್ಕಂತೀನಿ ಬಿಡು" ಎಂದಿದ್ದಳು ಮೈಲಮ್ಮ. ಸನೋಬರ್ ನಕ್ಕಿದ್ದಳು. ಈ ಮಾತು ಆ ಗಳಿಗೆಗೇ ಅವಳ ತಲೆಯಿಂದ ಹೋಗಿತ್ತು.

ಹತ್ತಕ್ಕೆ ಐದು ನಿಮಿಷ ಇರುವಾಗ ಶಾಂತಕುಮಾರಿ ಮೇಡಂ ಕಾರಿನಿಂದ ಇಳಿದರು. ಸ್ಥಾವರದಲ್ಲಿ ಗಾಳಿಯ ವಿಭಾಗಕ್ಕೆಲ್ಲ ಹಿರಿಯರು. ಹತ್ತು ದಿನದಿಂದ ದಾವಣಗೆರೆಯ ಲಾಡ್ಜಿನಲ್ಲಿದ್ದರು. ಹುಟ್ಟೂರು ಮಾಯಕೊಂಡ. ಕಡಲ ಕಡೆ ಹೋಗಿ ಇಪ್ಪತ್ತು ವರ್ಷವಾಗಿತ್ತು, ಈಗ ಬೆಣ್ಣೆ ದೋಸೆಯ ಮುಂದೆ ಕೂತಾಗ ಮಾತ್ರ ಊರ ಮಾತು ಬರುತ್ತಿತ್ತು. ಶೆಡ್ಡಿನೊಳಗೆ ಬಂದರೆ ಅವರದು ಕಾಗದದ ಭಾಷೆ. ನಕ್ಕಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ.

"ಶುರು ಮಾಡೋಣವಾ?"

ಸನೋಬರ್ ಹಾಳೆ ಹಿಡಿದಳು. ಪ್ರತಿ ಪರೀಕ್ಷೆಗೂ ಮುಂಚೆ ಒಂದು ಪಟ್ಟಿ ಓದಿ, ಒಂದೊಂದನ್ನೂ ಕಣ್ಣಾರೆ ನೋಡಿ, ಗುರುತು ಹಾಕಬೇಕು. ಮೇಡಂ ಓದುವುದು, ಇವಳು ನೋಡಿ ಹೇಳುವುದು.

"ಫಿಲ್ಟರ್ ಪೆಟ್ಟಿಗೆಯ ಬೋಲ್ಟು?"

"ಬಿಗಿ."

"ಬಾಗಿಲಿನ ರಬ್ಬರು?"

"ಹೊಸದು. ಹರಿದಿಲ್ಲ."

"ಹೊಸ್ತಿಲು ಶುಚಿ ಇದೆಯಾ?"

ಸನೋಬರ್ ತಿರುಗಿ ಹೊಸ್ತಿಲನ್ನು ನೋಡಿದಳು. ಒಂದು ಕಡ್ಡಿ ಕಸವಿಲ್ಲ, ಎಣ್ಣೆಯ ಕಲೆಯಿಲ್ಲ. "ಶುಚಿ" ಎಂದು ಗುರುತು ಹಾಕಿದಳು. ಮಕ್ತುಮ್ ಸಾಬ್ ಬಾಗಿಲ ಮೇಲಂಚು, ಪಕ್ಕದಂಚುಗಳನ್ನು ಇನ್ನೊಂದು ಸಲ ಲುಂಗಿಯ ತುಂಡಿನಿಂದ ಸವರಿ, ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ, ಹೊಸ್ತಿಲು ದಾಟಿ ಹೊರಗೆ ಬಂದು ಹಿಡಿಕೆ ತಿರುಗಿಸಿದರು. ಬಾಗಿಲು ಸದ್ದಿಲ್ಲದೆ ಕೂತಿತು.

ಫ್ಯಾನು ತಿರುಗತೊಡಗಿತು. ಕೆಂಪು ನೀರು ಎರಡು ದಾಟಿತು, ಎರಡೂವರೆ ದಾಟಿತು, ಮೂರು ಮುಟ್ಟಿತು. ಎಲ್ಲರೂ ಉಸಿರು ಬಿಟ್ಟರು. ಕೊಟ್ಟೂರೇಶ್ ಇಂಥ ಹೊತ್ತಿನಲ್ಲಿ ಸುಮ್ಮನೆ ನಿಲ್ಲುವ ಪೈಕಿಯಲ್ಲ. ಬಂದವರ ಕೈಗೆ ಏನಾದರೂ ತಿನ್ನಲು ಕೊಡದಿದ್ದರೆ ಅವರ ಕೈ ಕಡಿಯುತ್ತದೆ. ಪೇಪರ್ ಪೊಟ್ಟಣದಲ್ಲಿ ಮಂಡಕ್ಕಿ, ಮೇಲೆ ಬಿಸಿ ಬಿಸಿ ಮಿರ್ಚಿ ಹಿಡಿದುಕೊಂಡು ಬಂದೇ ಬಿಟ್ಟರು.

"ತಗಳ್ರಿ ಮೇಡಂ. ಒಂದು ತಾಸು ಬರೇ ನೀರು ನೋಡಿಕ್ಯಂತ ಕೂಡ್ರಕ್ಕೆ ಆಗ್ತದೇನ್ರಿ?"

"ಪರೀಕ್ಷೆ ನಡೀತಿದೆ, ಕೊಟ್ಟೂರೇಶ್ ಅವರೇ."

"ನಡೀಲಿ ಬಿಡ್ರಿ, ಮಂಡಕ್ಕಿ ಏನು ಅಡ್ಡ ಬರ್ತೈತೆ?"

ಆಗಲೇ ನೀರು ಅಲುಗಿತು. ಎರಡೂ ಮುಕ್ಕಾಲು. ಕೊಟ್ಟೂರೇಶರ ಕಣ್ಣು ಕೊಳವೆಯ ಮೇಲೆ, ಕೈಯಲ್ಲಿ ಪೊಟ್ಟಣ. ಎರಡೂವರೆ. ಎರಡು. ಪೊಟ್ಟಣ ಓರೆಯಾಗಿ ಅರ್ಧ ಮಂಡಕ್ಕಿ ಬಾಗಿಲ ಮುಂದೆ ಚೆಲ್ಲಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ನೀರು ಒಂದೂವರೆಗೆ ಬಂದು, ಇದು ತನ್ನ ಜಾಗ ಎಂಬಂತೆ ಕೂತಿತು.

ಜನರೇಟರ್ ಒಂದೇ ಹೊರಗೆ ಬಡಕೊಳ್ಳುತ್ತಿತ್ತು. ಸನೋಬರಳಿಗೆ ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಮೂರನೇ ಸಲ ನಪಾಸು ಎಂದು ಬರೆಯುವ ಕೈ ತನ್ನದೇ ಆಗಬೇಕಾ ಎಂದು ಅವಳಿಗೆ ತುಂಬ ಕೆಟ್ಟದೆನಿಸಿತು. ತಲೆ ತಗ್ಗಿಸಿ ನೆಲ ನೋಡಿದಳು.

ನೆಲದಲ್ಲಿ ಮಂಡಕ್ಕಿ ನಡೆಯುತ್ತಿತ್ತು.

ಕಣ್ಣು ಉಜ್ಜಿಕೊಂಡು ನೋಡಿದಳು. ಹೌದು, ಬಾಗಿಲಿಗೆ ಹತ್ತಿರ ಬಿದ್ದಿದ್ದ ಮಂಡಕ್ಕಿಗಳು ಒಂದೊಂದೇ ಹೊಸ್ತಿಲು ಬಿಟ್ಟು ಈಚೆಗೆ ಹೊರಳುತ್ತಿದ್ದವು. ದೂರ ಬಿದ್ದವು ಬಿದ್ದಲ್ಲೇ ಇದ್ದವು. ಅವಳು ಹಾಳೆ ಕೆಳಗಿಟ್ಟು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ಮುಟ್ಟುವಷ್ಟು ಬಗ್ಗಿದಳು. ಕೆನ್ನೆಗೆ ತಣ್ಣಗೆ ಗಾಳಿ ತಾಗಿತು. ಬಾಗಿಲ ಕೆಳಗಿನಿಂದ, ರಬ್ಬರು ಮತ್ತು ಹೊಸ್ತಿಲಿನ ನಡುವಿನಿಂದ ಬರುತ್ತಿತ್ತು.

ಅಷ್ಟು ಹತ್ತಿರದಿಂದ ನೋಡಿದಾಗ ಹೊಸ್ತಿಲು ಕಂಡಿತು. ನೆತ್ತಿಯ ಉದ್ದಕ್ಕೂ ಬಳಿದ ಅರಿಶಿಣ. ಅರಿಶಿಣದ ಮೇಲೆ ಎರಡೆಳೆ ರಂಗೋಲಿ, ನಡುವೆ ಐದು ಕುಂಕುಮದ ಬೊಟ್ಟು. ರಬ್ಬರು ಹೊಸ್ತಿಲಿನ ಮೇಲಲ್ಲ, ರಂಗೋಲಿ ಪುಡಿಯ ಹರಳುಗಳ ಮೇಲೆ ಕೂತಿತ್ತು. ಮೊದಲು ಸಂದು ಮುಚ್ಚಿದ್ದ ಸಣ್ಣ ಪುಡಿಯನ್ನು ಗಾಳಿ ಊದಿ ಹೊರಗೆ ಹಾಕಿತ್ತು, ಈಗ ಕೆಳಗೆ ಒಂದು ಹಾಳೆಯಷ್ಟು ಸಂದು, ಬಾಗಿಲಿನ ಅಗಲಕ್ಕೂ.

ಇದು ಇವತ್ತೇ ಮೊದಲ ಸಲ ಹಚ್ಚಿದ್ದಲ್ಲ. ಮೂರು ವಾರದಿಂದ ಪ್ರತಿ ಬೆಳಿಗ್ಗೆ ಅಲ್ಲೇ ಇತ್ತು. ಎಲ್ಲರೂ ದಿನಕ್ಕೆ ಇಪ್ಪತ್ತು ಸಲ ದಾಟಿದ್ದರು, ಒಬ್ಬರೂ ನೋಡಿರಲಿಲ್ಲ. ಹೊಸ್ತಿಲಿಗೆ ಅರಿಶಿಣ ಇದ್ದರೆ ಯಾರು ನೋಡುತ್ತಾರೆ? ನಿಟ್ಟುವಳ್ಳಿಯ ಅವರ ಓಣಿಯಲ್ಲಿ ಅವರದೊಂದು ಬಿಟ್ಟರೆ ಎಲ್ಲ ಮನೆಗೂ ಇರುತ್ತದೆ. ಸನೋಬರ್ ಪಕ್ಕದ ಮನೆಗಳ ಅರಿಶಿಣದ ಹೊಸ್ತಿಲು ದಾಟಿಕೊಂಡೇ ಬೆಳೆದವಳು. ಹೊಸ್ತಿಲು ಶುಚಿ ಇದೆಯಾ ಎಂದು ಕೇಳಿದಾಗ ಅವಳ ಕಣ್ಣಿಗೆ ಅದು ಶುಚಿಯಾಗಿಯೇ ಕಂಡಿತ್ತು. ಅರಿಶಿಣ ಹಚ್ಚಿದ್ದೇ ಶುಚಿ ಎಂದು ಅವಳ ಕಣ್ಣಿಗೆ ರೂಢಿ.

ಬೆಳಿಗ್ಗೆ ಮೈಲಮ್ಮ ಹಚ್ಚುತ್ತಾಳೆ, ಸಂಜೆ ಅಬ್ಬಾ ಒರೆಸುತ್ತಾರೆ. ಬೆಳಿಗ್ಗೆ ನಪಾಸು, ಸಂಜೆ ಪಾಸು.

"ಮೇಡಂ, ಸಿಕ್ತು!" ಎಂದು ಕೂಗಿದಳು. ಸಂತೋಷಕ್ಕೆ ತಲೆ ಎತ್ತಿ ಹಿಡಿಕೆಗೆ ಬಡಿಸಿಕೊಂಡಳು.

ಶಾಂತಕುಮಾರಿ ಮೇಡಂ ಕೂಡ ಸೀರೆ ಒತ್ತಿ ಹಿಡಿದು ಬಗ್ಗಿದರು. ಬೆರಳಿನಿಂದ ಹೊಸ್ತಿಲಿನ ಅಂಚು ಸವರಿ, ಹಳದಿಯಾದ ಬೆರಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎದ್ದು ನಿಂತು ಹಾಳೆಯ ಕೊನೆಯ ಭಾಗ ತೋರಿಸಿದರು.

"ಕಾರಣ ಸಿಕ್ಕರೆ, ಸರಿ ಮಾಡಿ, ಇವತ್ತೇ ಇನ್ನೊಂದು ಸಲ ಪರೀಕ್ಷೆ ಮಾಡಬಹುದು. ನಿಯಮ ಇದೆ. ಆದರೆ ಇಲ್ಲಿ ಕಾರಣ ಬರೀಬೇಕು. ಪಕ್ಕದಲ್ಲಿ ಯಾರಿಂದ ಆಯ್ತು ಅಂತನೂ ಬರೀಬೇಕು." ಸುತ್ತ ಒಮ್ಮೆ ನೋಡಿದರು. "ಇದನ್ನ ಹಚ್ಚಿದ್ದು ಯಾರು?"

ಶೆಡ್ಡಿನಲ್ಲಿದ್ದ ಎಲ್ಲರಿಗೂ ಯಾರೆಂದು ಗೊತ್ತು. ಮೈಲಮ್ಮ ಗೋಡೆಯ ಹತ್ತಿರ ಎದ್ದು ನಿಂತಿದ್ದಳು, ಬಾಯಲ್ಲಿನ ಎಲೆ ಅಡಿಕೆ ನುಂಗಲೂ ಆಗದೆ ಉಗುಳಲೂ ಆಗದೆ. ಹಾಳೆಯಲ್ಲಿ ಹೆಸರು ಬಂದರೆ ಗುತ್ತಿಗೆದಾರ ನಾಳೆಯಿಂದ ಬರಬೇಡ ಅನ್ನುತ್ತಾನೆ. ಅದೂ ಎಲ್ಲರಿಗೂ ಗೊತ್ತು.

"ನಾನೇ ಹಚ್ಚಿದ್ದು" ಎಂದರು ಮಕ್ತುಮ್ ಸಾಬ್.

ಶಾಂತಕುಮಾರಿ ಮೇಡಂ ತಿರುಗಿದರು. ಬಿಳಿ ಟೋಪಿ ನೋಡಿದರು, ಬಿಳಿ ಗಡ್ಡ ನೋಡಿದರು.

"ನೀವಾ?"

"ಹೌದ್ರಿ."

"ಅರಿಶಿಣ?"

"ಅರಿಶಿಣ, ಕುಂಕುಮ, ರಂಗೋಲಿ. ಎಲ್ಲಾ ನಾನೇ." ಮಕ್ತುಮ್ ಸಾಬರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ಬಾಗಿಲು ನಾ ಮಾಡಿದ್ದು. ಬಾಗಿಲು ಅಂದ ಮ್ಯಾಲೆ ಹೊಸ್ತಿಲಿಗೆ ಹಚ್ಚಬೇಕಲ್ರಿ?"

"ನಾ ಹುಟ್ಟಿ ಬೆಳದದ್ದು ಮಾಯಕೊಂಡದಾಗ, ಸಾಬ್ರೆ" ಎಂದರು ಮೇಡಂ. ಶೆಡ್ಡಿನೊಳಗೆ ಅವರ ಬಾಯಿಂದ ಊರ ಮಾತು ಬಂದದ್ದು ಅದೇ ಮೊದಲು. "ಹೊಸ್ತಿಲಿಗೆ ರಂಗೋಲಿ ಹಾಕೋ ಗಂಡಸ್ರನ್ನ ನಾನಂತೂ ಒಬ್ಬರನ್ನೂ ನೋಡಿಲ್ಲ."

"ಈಗ ನೋಡಿದ್ರಲ್ಲ."

ಕೊಟ್ಟೂರೇಶ್ ಕೆಮ್ಮಿದಂತೆ ಮಾಡಿ ಗೋಡೆಯ ಕಡೆ ತಿರುಗಿಕೊಂಡರು. ಅವರ ಹೆಗಲು ಕುಣಿಯುತ್ತಿತ್ತು. ಆದರೆ ಮೈಲಮ್ಮನಿಗೆ ತಡೆಯಲಾಗಲಿಲ್ಲ. ಶೆಡ್ಡಿನ ಬಾಗಿಲಾಚೆ ಹೋಗಿ ಉಗುಳಿ ಬಂದು, ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದೆ ನಿಂತಳು.

"ಸಾಬ್ರು ಸುಳ್ಳು ಹೇಳ್ತಾರ, ಅವ್ವಾ. ಅವರಿಗೆ ಒಂದು ಎಳಿ ರಂಗೋಲಿ ನೆಟ್ಟಗ ಎಳಿಯಾಕ ಬರ್ತದೇನು ಕೇಳ್ರಿ. ನಾನೇ ಹಚ್ಚಿದ್ದು. ಕೆಟ್ಟದ್ದು ಒಳಗ ಬರಬಾರ್ದಂಥ ಮನಿ ಅಂದ್ರು. ಹೊಸ್ತಿಲು ಬೋಳು ಬಿಟ್ರೆ ಕೆಟ್ಟದ್ದು ಬರದೇ ಇರ್ತದೇನ್ರಿ?" ಗಲ್ಲದ ಮೇಲೆ ಕೈ ಇಟ್ಟುಕೊಂಡಳು. "ನಮ್ಮಪ್ಪಾ, ನನ್ನ ಒಂದು ಚಿಟಿಕಿ ಅರಿಶಿಣಕ್ಕ ಅಷ್ಟು ದೊಡ್ಡ ಕರೆಂಟು ನಿಂತಿತ್ತಾ!"

"ಅಬ್ಬಾ, ನಿಮಗ ಗೊತ್ತಿತ್ತಾ?" ಸನೋಬರ್ ಕೇಳಿದಳು. "ದಿನಾ ಸಂಜಿ ಒರೆಸ್ತಿದ್ರಲ್ಲ. ಬೆಳಿಗ್ಗೆ ಯಾಕ ಒರೆಸಲಿಲ್ಲ?"

ಮಕ್ತುಮ್ ಸಾಬ್ ಲುಂಗಿಯ ತುಂಡನ್ನು ಮಡಚಿದರು, ಬಿಚ್ಚಿದರು.

"ಇದರಿಂದ ಹಿಂಗಾಗ್ತದ ಅಂತ ಗೊತ್ತಿರಲಿಲ್ಲ. ಹಚ್ಚಿರೋದು ಮಾತ್ರ ಗೊತ್ತಿತ್ತು. ಹೆಣ್ಣುಮಗಳು ಬೆಳಿಗ್ಗೆ ಹಚ್ಚಿದ್ದನ್ನ ಬೆಳಿಗ್ಗೆನೇ ಒರೆಸಾಕ ಬರ್ತದೇನು?" ಮಗಳಿಗೆ ಮಾತ್ರ ಕೇಳುವಂತೆ ಹೇಳಿದರು: "ನಲವತ್ತು ವರ್ಷ ಆತು. ನಾ ಮಾಡಿದ್ದಕ್ಕ ಯಾರಾದರೂ ಅರಿಶಿಣ ಹಚ್ಚಿದ್ದು ಇದೇ ಮೊದಲು."

ಸನೋಬರ್ ಹೊಸ್ತಿಲಿನ ಐದು ಬೊಟ್ಟುಗಳನ್ನು ಇನ್ನೊಮ್ಮೆ ನೋಡಿದಳು.

ಹಾಳೆ ಕಾಯುತ್ತಿತ್ತು. ಅವಳು ಪೆನ್ನು ತೆಗೆದು ಕಾರಣದ ಖಾನೆಯಲ್ಲಿ ಬರೆದಳು: ಹೊಸ್ತಿಲಿನ ಮೇಲೆ ಪುಡಿ ಇದ್ದು ರಬ್ಬರು ಕೂರಲಿಲ್ಲ. ಯಾರಿಂದ ಎಂಬ ಪಕ್ಕದ ಖಾನೆ ಖಾಲಿ. ಮಕ್ತುಮ್ ಸಾಬ್ ಬಗ್ಗಿ, "ನನ್ನ ಹೆಸರು ಬರಿ, ಮೇಡಂ" ಎಂದರು. ಕೆಲಸದ ಜಾಗದಲ್ಲಿ ಬೇರೆಯವರ ಎದುರು ಅವರು ಮಗಳನ್ನು ಮೇಡಂ ಎಂದೇ ಕರೆಯುತ್ತಿದ್ದದ್ದು. ತಮಾಷೆಗೆ ಶುರುವಾಗಿ ರೂಢಿಯಾದದ್ದು. ಇವತ್ತು ಅದರಲ್ಲಿ ತಮಾಷೆ ಇರಲಿಲ್ಲ.

ಅಪ್ಪ ಹೇಳಿದ್ದು ಸುಳ್ಳು, ಬರೆಯುವ ಹಾಗಿಲ್ಲ. ಮೈಲಮ್ಮ ಹೇಳಿದ್ದು ನಿಜ, ಆದರೆ ಪೂರ್ತಿ ನಿಜವಲ್ಲ. ಗುಡಿಸುವವಳಿಗೆ ರಬ್ಬರಿನ ಲೆಕ್ಕ ಯಾರು ಹೇಳಿಕೊಟ್ಟಿದ್ದರು? ಸನೋಬರ್ ಹಾಳೆ ತಿರುವಿ ಪಟ್ಟಿ ನೋಡಿದಳು. ಹೊಸ್ತಿಲು ಶುಚಿ ಇದೆಯಾ ಎಂಬುದರ ಎದುರು ಅವಳದೇ ಗುರುತು. ಮಂಗಳವಾರದ್ದರಲ್ಲೂ, ಶುಕ್ರವಾರದ್ದರಲ್ಲೂ. ಅವಳು ಹಾಳೆ ತಿರುಗಿಸಿ ಖಾಲಿ ಇದ್ದ ಆ ಖಾನೆಯಲ್ಲಿ ಬರೆದಳು: ಸರಿಯಾಗಿ ನೋಡದೆ ಗುರುತು ಹಾಕಿದ್ದು ನಾನು. ಸನೋಬರ್.

"ಅಯ್ಯೋ, ಏನವ್ವ ಇದು!" ಎಂದರು ಕೊಟ್ಟೂರೇಶ್. ಊರೆಲ್ಲ ಹೊಗಳಿದ ಸಹಿ ಎಲ್ಲಿ ಹೋಗಿ ಬಿತ್ತೆಂದು ಅವರಿಗೆ ಸಂಕಟ.

"ಇದ್ದದ್ದೇ ಬರೆದೀನ್ರಿ ಅಣ್ಣಾ."

ಶಾಂತಕುಮಾರಿ ಮೇಡಂ ಓದಿದರು. ಎರಡು ಸಲ ಓದಿದರು. ಆಮೇಲೆ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಅವಳ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಬರೆದರು.

"ಪ್ರಶ್ನೆ ಓದಿದ್ದು ನಾನು. ಇವಳ ಪಕ್ಕದಲ್ಲೇ ನಿಂತು ಅದೇ ಹೊಸ್ತಿಲು ನೋಡಿದ್ದು ನಾನು. ನಮ್ಮವ್ವ ದಿನಾ ಹಚ್ಚೋದನ್ನ ನೋಡಿದ ಕಣ್ಣಿಗೆ ನನಗೂ ಕಾಣಲಿಲ್ಲ." ಪೆನ್ನು ವಾಪಸು ಕೊಟ್ಟರು. "ಒರೆಸ್ರಿ ಸಾಬ್ರೆ. ಇನ್ನೊಂದು ಸಲ ಹಾಕೋಣ."

ಮಕ್ತುಮ್ ಸಾಬ್ ಮೈಲಮ್ಮನ ಮುಖ ನೋಡಿದರು. ಮೈಲಮ್ಮ ತಲೆಯಾಡಿಸಿದಳು. ಅವರು ಬಗ್ಗುವಷ್ಟರಲ್ಲಿ ಅವಳೇ ಬಂದು ಲುಂಗಿಯ ತುಂಡು ಕಿತ್ತುಕೊಂಡು, ನೀರಿನಲ್ಲಿ ಅದ್ದಿ, ಹೊಸ್ತಿಲನ್ನು ಈ ತುದಿಯಿಂದ ಆ ತುದಿಗೆ ಮೂರು ಸಲ ಒರೆಸಿ ಒಣಗಿಸಿದಳು.

ಈ ಸಲ ನೀರು ಮೂರು ಮುಟ್ಟಿದಾಗ ಯಾರೂ ಉಸಿರು ಬಿಡಲಿಲ್ಲ. ಮಕ್ತುಮ್ ಸಾಬ್ ಕೊಳವೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತರು. ಹತ್ತು ನಿಮಿಷಕ್ಕೊಮ್ಮೆ, "ಎಷ್ಟಾತು?" ಅನ್ನುವುದು. ಸನೋಬರ್, "ಮೂರು" ಅನ್ನುವುದು. ಆರು ಸಲ ಕೇಳಿದರು, ಆರು ಸಲವೂ ಮೂರು. ಕೊಟ್ಟೂರೇಶ್ ಅಷ್ಟು ಹೊತ್ತೂ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು, ಯಾರಿಗೂ ಏನನ್ನೂ ತಿನ್ನಿಸಲಿಲ್ಲ. ಚೆಲ್ಲಿದ ಮಂಡಕ್ಕಿ ಬಾಗಿಲ ಮುಂದೆ ಬಿದ್ದಲ್ಲೇ ಇತ್ತು, ಒಂದೂ ಹೊರಳಲಿಲ್ಲ.

ತಾಸು ಮುಗಿಯಿತು. ಸನೋಬರ್ ಪಾಸು ಎಂದು ಬರೆದಳು. ಅಕ್ಷರ ಸ್ವಲ್ಪ ದೊಡ್ಡದೇ ಆಯಿತು. ಮಕ್ತುಮ್ ಸಾಬ್ ಎದ್ದು ಬಂದು ಬಾಗಿಲಿನ ಮೇಲೆ ಅಂಗೈ ಇಟ್ಟು ನಿಂತರು. ಅವರ ಕಣ್ಣು ತುಂಬಿತ್ತು. ಅದನ್ನು ಒರೆಸಿಕೊಳ್ಳಲು ಹುಡುಕಿದರೆ ಲುಂಗಿಯ ತುಂಡು ಮೈಲಮ್ಮನ ಹತ್ತಿರವೇ ಉಳಿದಿತ್ತು.

ಶಾಂತಕುಮಾರಿ ಮೇಡಂ ಹೊರಡುವ ಮುಂಚೆ ಪಟ್ಟಿಯ ಕೊನೆಗೆ ತಮ್ಮ ಕೈಯಾರೆ ಇನ್ನೊಂದು ಸಾಲು ಸೇರಿಸಿದರು: ಬಾಗಿಲಿನ ಹೊಸ್ತಿಲಿಗೆ ಅರಿಶಿಣ, ಕುಂಕುಮ, ರಂಗೋಲಿ ಹಚ್ಚಬಾರದು. "ಅಲ್ಲೂ ಗುಡಿಸೋರು ನಮ್ಮ ಮೈಲಮ್ಮನಂಥೋರೇ" ಎಂದರು. ಕಾರು ಹತ್ತುವಾಗ ಸ್ವಲ್ಪ ನಕ್ಕರು ಕೂಡ. ಕೊಟ್ಟೂರೇಶ್ ಕಿಟಕಿಯಿಂದ ಹೊಸ ಮಂಡಕ್ಕಿ ಪೊಟ್ಟಣ ಒಳಗೆ ದಬ್ಬಿದರು.

ಶುಕ್ರವಾರ ಕೋಣೆ ಬಿಚ್ಚಿದರು, ಶನಿವಾರ ಮೂರು ಲಾರಿ ಹೋದವು. ಬಾಗಿಲು ಎರಡನೇ ಲಾರಿಯಲ್ಲಿ, ಕಂಬಳಿ ಸುತ್ತಿಕೊಂಡು.

ಸೋಮವಾರ ಮಕ್ತುಮ್ ಸಾಬ್ ಮಗಳ ಹಿಂದೆ ಕೂತು ಕೊನೇ ಸಲಕ್ಕೆ ಬಂದರು, ತಮ್ಮ ಸಾಮಾನಿನ ಪೆಟ್ಟಿಗೆ ತೆಗೆದುಕೊಂಡು ಹೋಗಲು. ದಾರಿಯಲ್ಲಿ ಮೂರು ಜಗಳವಾಗಿತ್ತು. ಮೂರರಲ್ಲೂ ಅವರೇ ಗೆದ್ದಿದ್ದರು. ಶೆಡ್ಡು ಖಾಲಿ ಹೊಡೆಯುತ್ತಿತ್ತು. ಕೋಣೆ ನಿಂತಿದ್ದ ಜಾಗದಲ್ಲಿ ನೆಲ ಮಾತ್ರ, ಅಲ್ಲಲ್ಲಿ ಬೋಲ್ಟಿನ ತೂತು.

ಬಾಗಿಲು ಇದ್ದಲ್ಲಿ, ಅಳತೆ ಹಿಡಿದ ಹಾಗೆ ಅದೇ ಅಗಲಕ್ಕೆ, ನೆಲದ ಮೇಲೆ ಅರಿಶಿಣ ಬಳಿದಿತ್ತು. ಮೇಲೆ ಎರಡೆಳೆ ರಂಗೋಲಿ, ಐದು ಕುಂಕುಮದ ಬೊಟ್ಟು.

"ಏನು ಮೈಲಮ್ಮಕ್ಕ, ಬಾಗಿಲೇ ಹೋತಲ್ಲ?" ಎಂದಳು ಸನೋಬರ್.

"ಹೋತು. ಸಾಬ್ರು ಇವತ್ತು ಬರ್ತಾರ ಅಂದ್ರು, ಅದಕ್ಕ ಹಚ್ಚೀನಿ" ಎಂದಳು ಮೈಲಮ್ಮ, ಪೊರಕೆ ಝಾಡಿಸುತ್ತ. "ಇಲ್ಲಿ ಎಷ್ಟು ಹಚ್ಚಿದ್ರೂ ಯಾವ ಕರೆಂಟೂ ನಿಲ್ಲಂಗಿಲ್ಲ."

ಮಕ್ತುಮ್ ಸಾಬರ ಪೆಟ್ಟಿಗೆ ಆಚೆ ಗೋಡೆಯ ಹತ್ತಿರವಿತ್ತು. ಸುತ್ತ ಎಷ್ಟು ಬೇಕಾದರೂ ಜಾಗವಿತ್ತು, ಎಲ್ಲಿಂದಾದರೂ ಹೋಗಬಹುದಿತ್ತು. ಅವರು ನೆಟ್ಟಗೆ ಆ ಅರಿಶಿಣದ ಹತ್ತಿರ ಬಂದರು, ನಿಂತರು, ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಒಂದು ಕಾಲನ್ನು ನಾಲ್ಕು ಬೆರಳೆತ್ತರಕ್ಕೆ ಎತ್ತಿ ಆಚೆ ಇಟ್ಟರು, ಇನ್ನೊಂದು ಕಾಲನ್ನೂ ಅಷ್ಟೇ ಎತ್ತರಕ್ಕೆ ಎತ್ತಿ ಆಚೆ ಇಟ್ಟು, ಒಳಗೆ ಹೋದರು.